ಹದಿನೈದು ಗೆರೆಯ ಬಿಳಿ ಹೂವು

ಜಗಳ ಶುರುವಾದದ್ದು ರಾಗಿಯಿಂದ.

ಸೆಪ್ಟೆಂಬರಿನ ಒಂದು ಸಂಜೆ ಮೇಲಿನಮನೆ ಭಾವ ಒಂದು ಹಿಡಿ ಗಿಡ ಕಿತ್ತುಕೊಂಡು ನಮ್ಮ ಅಂಗಳಕ್ಕೆ ಬಂದರು. ಜಗಲಿ ಮೇಲೆ ಒಗೆದು, "ನೋಡು ಮಾರಾಯ, ನಿನ್ನ ಬ್ಯಾಣದ ಹೂವು ನನ್ನ ಹಕ್ಕಲಿಗೆ ಬಂದು ಕೂತಿದೆ. ನೀನು ಅದರ ಮುಂದೆ ಮಲಗಿ ಫೋಟೋ ಹೊಡಿ, ಅದು ನನ್ನ ರಾಗಿ ತಿನ್ಲಿ" ಎಂದರು. ಕಾಫಿ ಕುಡಿಯಲೂ ನಿಲ್ಲಲಿಲ್ಲ. ಭಾವ ಕಾಫಿ ಬಿಟ್ಟು ಹೋದರೆಂದರೆ ವಿಷಯ ಗಂಭೀರ ಅಂತಲೇ ಅರ್ಥ.

ನಮ್ಮದು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ, ಮಂಡಗದ್ದೆಗಿಂತ ಮೊದಲೇ ಒಳಕ್ಕೆ ತಿರುಗಿದರೆ ಸಿಗುವ ನಾಲ್ಕು ಮನೆಯ ಊರು. ಮನೆ ಮುಂದೆ ತೋಟ, ಹಿಂದೆ ಬ್ಯಾಣ, ಅಂದರೆ ಹುಲ್ಲಿಗೆ ಬಿಟ್ಟ ಜಾಗ. ಬ್ಯಾಣ ಇಳಿದರೆ ತುಂಗೆಗೆ ಸೇರುವ ಒಂದು ಹಳ್ಳ. ಹಳ್ಳ ಸೊಕ್ಕಿದ ವರ್ಷ ಮರಳು ತಂದು ಬ್ಯಾಣದ ಕೆಳ ಅಂಚಿನಲ್ಲಿ ಸುರಿದು ಹೋಗುತ್ತದೆ. ಹೀಗೆ ಬಿದ್ದು ಬಿದ್ದು ಅಲ್ಲಿ ಒಂದು ಮರಳಿನ ಪಟ್ಟೆ ಆಗಿದೆ, ಅಗಲ ಹತ್ತು ಹನ್ನೆರಡು ಮಾರು. ಅದರ ಮೇಲೆ ಕರಡದ ಹುಲ್ಲು ಬಿಟ್ಟರೆ ಬೇರೇನೂ ಸರಿಯಾಗಿ ಏಳುವುದಿಲ್ಲ, ಆ ಕರಡವೂ ಮೊಣಕಾಲಿಗಿಂತ ಮೇಲೆ ಬರುವುದಿಲ್ಲ. ಅಪ್ಪನ ಕಾಲದಲ್ಲಿ ಅದಕ್ಕೆ "ಬರಡು ಪಟ್ಟೆ" ಅಂತಲೇ ಹೆಸರು.

ಆ ಬರಡು ಪಟ್ಟೆಯಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಒಂದು ಬಿಳಿ ಹೂವು ಅರಳುತ್ತದೆ. ಒಂದು ಗೇಣು ಎತ್ತರದ ನೆಟ್ಟನೆಯ ಕಡ್ಡಿ, ಹುಲ್ಲಿನ ಹಾಗೇ ಸಪೂರ ಎಲೆ, ತುದಿಯಲ್ಲಿ ಒಂದೊಂದಾಗಿ ಮೇಲಕ್ಕೆ ಬಿಡುತ್ತಾ ಹೋಗುವ ಹೂವು. ಮುಟ್ಟಿದರೆ ಎಲೆ ಬೆಕ್ಕಿನ ನಾಲಗೆಯಂತೆ ಒರಟು. ಹೂವಿನ ಕೊಳವೆ ನೇರ ಬಂದು ಕುತ್ತಿಗೆಯ ಹತ್ತಿರ ಥಟ್ಟನೆ ಬಾಗಿ ಆಮೇಲೆ ದಳ ಬಿಚ್ಚುತ್ತದೆ. ನಮ್ಮ ಊರಲ್ಲಿ ಅದನ್ನು ಯಾರೂ ಹೆಸರಿಟ್ಟು ಕರೆದದ್ದು ನಾನು ಕೇಳಿಲ್ಲ. ಪೂಜೆಗೂ ಬೇಡ, ಮದ್ದಿಗೂ ಬೇಡ, ದನವೂ ಅದರ ಗೊಡವೆಗೆ ಹೋಗುವುದಿಲ್ಲ. ಶಿವಮೊಗ್ಗದಲ್ಲಿ ಬಿಎಸ್ಸಿ ಓದುವಾಗ ಮೇಷ್ಟ್ರು ತೋರಿಸಿದ್ದ ನೆನಪು ಮಾತ್ರ ನನಗಿತ್ತು: ಸ್ಟ್ರೈಗ. ಹುಲ್ಲಿನ ಬೇರಿಗೆ ಬಾಯಿ ಹಚ್ಚಿ ಬದುಕುವ ಗಿಡ. ಮರದ ಮೇಲಿನ ಬಂದಳಿಕೆ ಎಲ್ಲರಿಗೂ ಗೊತ್ತು, ಕಣ್ಣಿಗೆ ಕಾಣುತ್ತದಲ್ಲ. ಇದು ನೆಲದೊಳಗಿನ ಬಂದಳಿಕೆ. ಮೇಲೆ ನೋಡಿದರೆ ಹಸಿರೆಲೆ ಇಟ್ಟುಕೊಂಡು ಸಾಧುವಿನ ಹಾಗೆ ನಿಂತಿರುತ್ತದೆ.

ಹಾಗಾಗಿ ಭಾವನ ಮಾತನ್ನು ನಾನು ಸುಲಭಕ್ಕೆ ತಳ್ಳಿಹಾಕುವಂತಿರಲಿಲ್ಲ. ಅವರು ಒಗೆದು ಹೋದ ಗಿಡವೂ ಸ್ಟ್ರೈಗವೇ. ಅದೂ ಬಿಳಿ ಹೂವೇ. ನಮ್ಮ ಬ್ಯಾಣಕ್ಕೂ ಅವರು ರಾಗಿ ಬೆಳೆಯುವ ಒಣ ಹೊಲ, ಆ ಹಕ್ಕಲಿಗೂ ನಡುವೆ ಇರುವುದು ಒಂದು ಅಗಳು, ಒಂದು ಕಾಲುದಾರಿ. ಇದರ ಬೀಜವೋ ಬರೀ ಧೂಳು. ಒಂದು ಬೀಜದ ಉದ್ದ ಸುಮಾರು 0.3 ಮಿಲಿಮೀಟರು, ಒಂದೇ ಗಿಡದಲ್ಲಿ ಹತ್ತಾರು ಸಾವಿರ. ಗಾಳಿ, ನೀರು, ಗುದ್ದಲಿಗೆ ಮೆತ್ತಿದ ಮಣ್ಣು, ಯಾವುದರಲ್ಲಿ ಬೇಕಾದರೂ ಹೋಗುತ್ತದೆ. ನನ್ನ ಹೂವೇ ಅವರ ರಾಗಿಗೆ ಹೋಗಿದ್ದರೆ, ಆ ಪಟ್ಟೆಯನ್ನು ಕಿತ್ತು ಸುಡುವುದೇ ನ್ಯಾಯ. ಆದರೆ ಅದು ಇದೇನಾ? ಬಣ್ಣ ಒಂದೇ ಅಂತ ಇಬ್ಬರನ್ನೂ ಒಂದೇ ಮನೆಯವರು ಅನ್ನಲಿಕ್ಕಾಗುತ್ತದಾ?

ಇದನ್ನು ನಾನು ಹೇಗೆ ಇತ್ಯರ್ಥ ಮಾಡಿಕೊಂಡೆ ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎರಡು ಮಳೆಗಾಲ ಹಿಡಿಯಿತು.

ಮೊದಲು ಮಾಡಿದ್ದು ತಪ್ಪು ಕೆಲಸ. ಎರಡೂ ಕಡೆಯ ಗಿಡಗಳನ್ನು ಹಳೆ ಪೇಪರಿನ ನಡುವೆ ಇಟ್ಟು, ಮೇಲೆ ಅಡಿಕೆ ತೂಗುವ ಕಲ್ಲು ಹೇರಿ ಒಣಗಿಸಿದೆ. ಒಣಗಿಸಿಟ್ಟರೆ ನಿಧಾನಕ್ಕೆ ಹೋಲಿಸಬಹುದು ಎಂಬ ಲೆಕ್ಕ. ನಾಲ್ಕನೇ ದಿನ ತೆಗೆದು ನೋಡಿದರೆ ಎಲ್ಲ ಗಿಡವೂ ಕರ್ರಗೆ, ಒಲೆಯಿಂದ ಎತ್ತಿದ ಹಾಗೆ. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯಿತು ಅಂತ ಬೈದುಕೊಂಡು, ಇನ್ನೊಂದು ಸಲ ಕಿತ್ತು ತಂದು, ಈ ಸಲ ದಿನಕ್ಕೆರಡು ಬಾರಿ ಪೇಪರು ಬದಲಿಸಿ, ಬಚ್ಚಲೊಲೆಯ ಹತ್ತಿರ ಬೆಚ್ಚಗಿಟ್ಟೆ. ಮತ್ತೂ ಕಪ್ಪು. ಆಮೇಲೆ ಓದಿ ತಿಳಿದದ್ದು: ಈ ಕುಟುಂಬದ ಎಷ್ಟೋ ಗಿಡಗಳು ಒಣಗಿದಾಗ ಕಪ್ಪಾಗುವುದೇ ಅವುಗಳ ಗುಣ, ಒಳಗಿನ ರಾಸಾಯನಿಕ ಗಾಳಿಗೆ ಸಿಕ್ಕು ಹಾಗಾಗುತ್ತದೆ. ನಾನು ಎರಡು ವಾರ ಹಾಳು ಎಂದುಕೊಂಡದ್ದು ಗಿಡದ ಗುರುತೇ ಆಗಿತ್ತು! ಆದರೆ ಕಪ್ಪಾದ ಮೇಲೆ ಎರಡಕ್ಕೂ ವ್ಯತ್ಯಾಸ ಹುಡುಕುವುದು ಕತ್ತಲಲ್ಲಿ ಕರಿ ಎಮ್ಮೆ ಹುಡುಕಿದ ಹಾಗೆ. ಹಸಿ ಗಿಡದಲ್ಲೇ ನೋಡಬೇಕು ಎಂದು ಗೊತ್ತಾಯಿತು.

ನೋಡಬೇಕಾದದ್ದು ಹೂವನ್ನಲ್ಲ, ಹೂವಿನ ಬುಡದ ಹಸಿರು ಬಟ್ಟಲನ್ನು, ಪುಷ್ಪಪಾತ್ರೆ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅದನ್ನು. ಆ ಬಟ್ಟಲಿನ ಮೈಮೇಲೆ ಉದ್ದಕ್ಕೆ ಹಸಿರು ಏಣುಗಳು ಎದ್ದಿರುತ್ತವೆ, ನಡುವೆ ತೆಳ್ಳನೆ ಪೊರೆ. ಭಾರತದ ಸ್ಟ್ರೈಗ ಜಾತಿಗಳನ್ನು ಬೇರೆ ಮಾಡಲು ಸಸ್ಯಶಾಸ್ತ್ರದವರು ಈ ಏಣುಗಳನ್ನೇ ಎಣಿಸುತ್ತಾರೆ. ಬಟ್ಟಲಿಗೆ ಸಾಮಾನ್ಯವಾಗಿ ಐದು ಹಲ್ಲು. ಹಲ್ಲಿಗೊಂದರಂತೆ ಐದೇ ಏಣಿದ್ದರೆ ಸ್ಟ್ರೈಗ ಡೆನ್ಸಿಫ್ಲೋರ. ಹಲ್ಲಿಗೊಂದು, ಎರಡು ಹಲ್ಲಿನ ಸಂದಿಗೊಂದು, ಹೀಗೆ ಹತ್ತಿದ್ದರೆ ಸ್ಟ್ರೈಗ ಏಷಿಯಾಟಿಕ. ಹಲ್ಲಿಗೆ ಮೂರರಂತೆ ಹದಿನೈದಿದ್ದರೆ ಸ್ಟ್ರೈಗ ಅಂಗುಸ್ಟಿಫೋಲಿಯ. ಐದು, ಹತ್ತು, ಹದಿನೈದು: ಮಗ್ಗಿಯಷ್ಟು ಸುಲಭ ಎಂದುಕೊಂಡೆ.

ಎಣಿಸಲು ಕೂತಾಗ ಗೊತ್ತಾಯಿತು ಮಗ್ಗಿ ಅಲ್ಲ ಅಂತ. ಬಟ್ಟಲು ಇರುವುದೇ ಜೀರಿಗೆ ಕಾಳಿಗಿಂತ ಒಂಚೂರು ದಪ್ಪ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸಿನಲ್ಲಿ ಫೋಟೋ ತೆಗೆದು, ಅದನ್ನು ದೊಡ್ಡದು ಮಾಡಿ ಎಣಿಸಿದೆ. ಫೋಟೋದಲ್ಲಿ ಕಾಣುವುದು ಈಚೆ ಬದಿ ಮಾತ್ರ. ಆಚೆ ಬದಿಯದ್ದನ್ನು ಅಂದಾಜಿಗೆ ಸೇರಿಸಿದರೆ ಒಮ್ಮೆ ಹದಿಮೂರು, ಒಮ್ಮೆ ಹದಿನಾರು. ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ಎಣಿಸಿದರೆ ಎಲ್ಲಿಂದ ಶುರು ಮಾಡಿದೆ ಎಂಬುದೇ ಮರೆತು ಹೋಗುವುದು. ಕೊನೆಗೆ ಸರಿಹೋದದ್ದು ಹೀಗೆ: ಹೂವು ಉದುರಿ ಕಾಯಿ ಕಟ್ಟುತ್ತಿರುವ ಬಟ್ಟಲು ಆರಿಸಿಕೊಳ್ಳಬೇಕು, ಅದರಲ್ಲಿ ಏಣು ಉಬ್ಬಿ ನಿಂತಿರುತ್ತದೆ. ಹೊಸ ಬ್ಲೇಡಿನಿಂದ ಒಂದು ಬದಿ ಉದ್ದಕ್ಕೆ ಸೀಳಿ, ಒಳಗಿನ ಕಾಯಿ ತೆಗೆದು, ಬಟ್ಟಲನ್ನು ಗಾಜಿನ ಚೂರಿನ ಮೇಲೆ ಒಂದು ಹನಿ ನೀರಿನಲ್ಲಿ ಚಾಪೆ ಬಿಚ್ಚಿದ ಹಾಗೆ ಬಿಡಿಸಬೇಕು. ಮೇಲೆ ಇನ್ನೊಂದು ಗಾಜು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹತ್ತು ಪಟ್ಟಿನ ಲೆನ್ಸಿನಲ್ಲಿ ನೋಡಿದರೆ ಏಣುಗಳು ಛತ್ರಿ ಕಡ್ಡಿಯ ಹಾಗೆ ಸಾಲಾಗಿ ಕಾಣುತ್ತವೆ. ಬ್ಲೇಡು ಏಣಿನ ಮೇಲೇ ಹೋದರೆ ಒಂದು ಎರಡಾಗಿ ಕಾಣುತ್ತದೆ, ಅಷ್ಟು ಎಚ್ಚರ ಬೇಕು.

ಬ್ಯಾಣದ ಇಪ್ಪತ್ತು ಗಿಡಗಳಿಂದ ಒಂದೊಂದು ಬಟ್ಟಲು ನೋಡಿದೆ. ಹದಿನೆಂಟರಲ್ಲಿ ಹದಿನೈದು ಏಣು, ಎರಡರಲ್ಲಿ ಹದಿನಾರು. ಭಾವನ ಹಕ್ಕಲಿನ ಇಪ್ಪತ್ತರಲ್ಲಿ ಇಪ್ಪತ್ತೂ ಹತ್ತು. ಹೂವೂ ಪಕ್ಕಪಕ್ಕ ಇಟ್ಟರೆ ಒಂದೇ ಅಲ್ಲ, ಬ್ಯಾಣದ್ದು ದೊಡ್ಡದು, ರಾಗಿಯದ್ದು ಚಿಕ್ಕದು. ಬೇರೆ ಬೇರೆ ನೋಡಿದರೆ ಮಾತ್ರ ಒಂದೇ ಅನ್ನಿಸುತ್ತದೆ.

ಇಷ್ಟು ಸಾಕ್ಷಿ ಹಿಡಿದು ಮೇಲಿನಮನೆಗೆ ಹೋದೆ. ಭಾವ ಲೆನ್ಸು ಹಿಡಿದು ನೋಡಿದರು, ಎಣಿಸಿದರು ಕೂಡ. ಆಮೇಲೆ, "ಗೆರೆ ಹತ್ತಾದರೂ ಹದಿನೈದಾದರೂ ಕಳ್ಳ ಕಳ್ಳನೇ ಅಲ್ಲನಾ? ಇವತ್ತು ಕರಡ ತಿನ್ನೋದು ನಾಳೆ ರಾಗಿ ತಿನ್ನಲ್ಲ ಅಂತ ಬರೆದು ಕೊಡ್ತೀಯಾ?" ಎಂದರು. ಅಕ್ಕ ಒಳಗಿನಿಂದ ನಕ್ಕಳು. ಬರೆದು ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಹದಿನೈದು ಏಣಿನ ಜಾತಿ ಕೆಲವು ಕಡೆ ಜೋಳಕ್ಕೂ ಕಬ್ಬಿಗೂ ಹತ್ತಿದ್ದು ದಾಖಲಾಗಿದೆ ಎಂದು ನಾನೇ ಓದಿದ್ದೆ. ಹಾಗಾದರೆ ಉಳಿದ ದಾರಿ ಒಂದೇ, ರಾಗಿ ಬಿತ್ತಿ ಅದರ ಬುಡಕ್ಕೆ ಈ ಬೀಜ ಹಾಕಿ ನೋಡುವುದು.

ಅದಕ್ಕೆ ಮೊದಲು ಇನ್ನೊಂದು ಆಸೆ ತೀರಿಸಿಕೊಂಡೆ. ಹುಲ್ಲಿನ ಬೇರನ್ನು ಇದು ಹೇಗೆ ಹಿಡಿದುಕೊಂಡಿರುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು. ಮರಳಿನ ಪಟ್ಟೆಯಾದ್ದರಿಂದ ಇದು ಸಾಧ್ಯವಾಯಿತು. ಮುರಕಲ್ಲಿನ ಗಟ್ಟಿ ನೆಲದಲ್ಲಿ ಬೇರು ಬಿಡಿಸಲು ಹೋದರೆ ಎಲ್ಲ ಚೂರು. ಗಿಡ ಮತ್ತು ಪಕ್ಕದ ಕರಡದ ಬುಡವನ್ನು ಸೇರಿಸಿ ಒಂದು ಅಡಿ ಅಗಲ, ಒಂದು ಅಡಿ ಆಳದ ಹೆಂಟೆಯನ್ನು ಸಲಿಕೆಯಲ್ಲಿ ಎತ್ತಿ, ಹಳೆ ಗೋಣಿ ಮೇಲಿಟ್ಟು, ಹಳ್ಳದ ನಿಧಾನ ಹರಿಯುವ ಜಾಗದಲ್ಲಿ ಅರ್ಧ ಮುಳುಗಿಸಿಟ್ಟೆ. ಕೈ ಹಾಕಲಿಲ್ಲ. ನೀರೇ ಮರಳನ್ನು ಒಂದೊಂದು ಕಾಳಾಗಿ ಒಯ್ಯಿತು. ಒಂದು ತಾಸು ಕೂತಿದ್ದೆ, ಎರಡು ಉಂಬಳ ಹತ್ತಿತ್ತು, ಅದು ಆಮೇಲೆ ಗೊತ್ತಾಯಿತು. ಮರಳು ಹೋದಂತೆ ಮೊದಲು ಕಂಡದ್ದು ನೆಲದೊಳಗಿನ ಬಿಳಿ ಕಾಂಡ, ಎಲೆಯ ಬದಲು ಹುರುಪೆ. ಅದರಿಂದ ಹೊರಟ ಬೇರುಗಳು ಬಿಳಿ, ಮೆತ್ತಗೆ. ಕರಡದ ಬೇರು ಕಂದು, ಗಡಸು. ಎರಡೂ ಕೂಡಿದ ಕಡೆ ಒಂದು ಗಂಟು, ಸಾಸಿವೆ ಕಾಳಿನಷ್ಟು. ಲೆನ್ಸಿನಲ್ಲಿ ನೋಡಿದರೆ ಬಿಳಿ ಬೇರು ಕಂದು ಬೇರಿಗೆ ಮುತ್ತಿಟ್ಟ ಹಾಗೆ ಒತ್ತಿ ಕೂತಿದೆ. ಅಂಥ ಗಂಟು ಒಂದೇ ಗಿಡದಲ್ಲಿ ಹನ್ನೊಂದು ಎಣಿಸಿದೆ. ಮೇಲೆ ಹಸಿರೆಲೆ ಇರುವುದರಿಂದ ಸ್ವಲ್ಪ ಅಡುಗೆ ತಾನೂ ಮಾಡಿಕೊಳ್ಳುತ್ತದೆ, ಆದರೆ ನೀರು ಮತ್ತು ಉಪ್ಪು ಪೂರ್ತಿ ಈ ಗಂಟುಗಳಿಂದಲೇ. ಹುಲ್ಲಿನಿಂದ ನೀರು ತನ್ನ ಕಡೆ ಹರಿಯಲಿ ಅಂತ ಇದು ಎಲೆಯ ರಂಧ್ರಗಳನ್ನು ರಾತ್ರಿಯೂ ಪೂರಾ ಮುಚ್ಚುವುದಿಲ್ಲ. ಹುಲ್ಲು ಮಲಗಿದಾಗಲೂ ಇದರ ನಲ್ಲಿ ತೆರೆದೇ ಇರುತ್ತದೆ.

ಬೀಜ ಕೂಡಿಟ್ಟದ್ದು ನವೆಂಬರಿನಲ್ಲಿ. ಕಾಯಿ ಕಂದಾಗಿ ಇನ್ನೇನು ಬಿರಿಯಬೇಕು ಎನ್ನುವಾಗ ಕಡ್ಡಿ ಸಮೇತ ಕಾಗದದ ಲಕೋಟೆಯೊಳಗೆ ಬಗ್ಗಿಸಿ ಕತ್ತರಿಸಬೇಕು. ಗಾಳಿ ಇಲ್ಲದ ಬೆಳಿಗ್ಗೆಯೇ ಆಗಬೇಕು. ಹಕ್ಕಲಿನಿಂದ ಬಂದ ಮೇಲೆ ಅಂಗಿ ಬಿಚ್ಚಿ ಬಿಸಿನೀರಿಗೆ ಹಾಕಿದೆ. ಭಾವನ ರಾಗಿಯ ರೋಗವನ್ನು ನಾನೇ ಬ್ಯಾಣಕ್ಕೆ ಹೊತ್ತು ತಂದೆ ಎಂದಾಗಬಾರದಲ್ಲ. ಲಕೋಟೆ ಕೊಡವಿದಾಗ ಬಿದ್ದದ್ದು ಕಾಫಿಪುಡಿಯಂಥ ಒಂದು ಚಿಟಿಕೆ. ಅದರಲ್ಲಿ ಎಷ್ಟು ಸಾವಿರ ಇತ್ತೋ.

ಈ ಬೀಜಕ್ಕೆ ಅವಸರವಿಲ್ಲ. ಉದುರಿದ ಕೂಡಲೇ ಮೊಳೆಯುವುದಿಲ್ಲ, ಕೆಲವು ತಿಂಗಳು ಒಣಗಿ ಹದವಾಗಬೇಕು. ಆಮೇಲೆ ಬೆಚ್ಚನೆಯ ನೆಲದಲ್ಲಿ ಒಂದೆರಡು ವಾರ ತೇವದಲ್ಲಿ ನೆನೆಯಬೇಕು. ಅದಾದರೂ ಮೊಳೆಯುವುದಿಲ್ಲ! ಹತ್ತಿರದಲ್ಲಿ ತನಗೆ ಬೇಕಾದ ಬೇರೊಂದು ಬಂದು ಅದರ ವಾಸನೆ ತಾಗಬೇಕು. ತಾಗದಿದ್ದರೆ ಮತ್ತೆ ಮಲಗುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಹಾಗೇ ಕಾಯಬಲ್ಲದು. ಧೂಳಿನಷ್ಟು ಬೀಜದಲ್ಲಿ ಬುತ್ತಿ ಎಷ್ಟಿದ್ದೀತು? ಮೊಳೆತ ಮೇಲೆ ಕೆಲವೇ ದಿನದೊಳಗೆ, ಕೆಲವೇ ಮಿಲಿಮೀಟರು ದೂರದೊಳಗೆ ಬೇರು ಸಿಗದಿದ್ದರೆ ಕಥೆ ಮುಗಿಯಿತು. ಅದಕ್ಕೇ ಇಷ್ಟು ಎಚ್ಚರ.

ಆ ವಾಸನೆ ಏನು ಎಂಬ ಕಥೆ ನನಗೆ ಬಹಳ ಹಿಡಿಸಿತು. 1966ರಲ್ಲಿ ಹತ್ತಿಯ ಬೇರಿನಿಂದ ಅದನ್ನು ಮೊದಲು ಬೇರ್ಪಡಿಸಿ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ತಮಾಷೆಯೆಂದರೆ ಹತ್ತಿಗೆ ಸ್ಟ್ರೈಗ ಹತ್ತುವುದೇ ಇಲ್ಲ. ತನ್ನನ್ನು ಹಿಡಿಯುವ ಕಳ್ಳನನ್ನು ಗಿಡ ತಾನೇ ಯಾಕೆ ಕರೆಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 2005ರಲ್ಲಿ. ಬೇರು ಕರೆಯುವುದು ಕಳ್ಳನನ್ನಲ್ಲ, ನೆಲದ ಒಂದು ಜಾತಿಯ ಶಿಲೀಂಧ್ರವನ್ನು. ಆ ಶಿಲೀಂಧ್ರ ಬೇರಿನ ಜೊತೆ ನಂಟು ಬೆಳೆಸಿ ರಂಜಕ ತಂದುಕೊಡುತ್ತದೆ. ರಂಜಕ ಕಮ್ಮಿಯಿರುವ ನೆಲದಲ್ಲಿ ಬೇರು ಹೆಚ್ಚು ಜೋರಾಗಿ ಕರೆಯುತ್ತದೆ. ನೆಂಟನನ್ನು ಕೂಗಿದ್ದು ಬೇಲಿ ಮರೆಯಲ್ಲಿ ಕೂತ ಕಳ್ಳನಿಗೂ ಕೇಳುತ್ತದೆ. ಬರಡು ಪಟ್ಟೆಯಲ್ಲೇ ಯಾಕೆ ಈ ಹೂವು, ಹತ್ತು ಮಾರು ಮೇಲಿನ ಗೊಬ್ಬರದ ನೆಲದಲ್ಲಿ ಯಾಕಿಲ್ಲ ಎಂದು ನಾನು ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದೆ. ಮರಳಿನಲ್ಲಿ ಸಾರ ನಿಲ್ಲುವುದಿಲ್ಲ, ಹಸಿದ ಹುಲ್ಲು ಕೂಗುತ್ತದೆ. ಇನ್ನೊಂದು, ಮರಳಿನಲ್ಲಿ ನೀರೂ ನಿಲ್ಲುವುದಿಲ್ಲ. ನೀರು ಕಟ್ಟಿದ ನೆಲ ಈ ಬೀಜಕ್ಕೆ ಆಗದು. ನಮ್ಮ ಕಡೆ ಇಷ್ಟು ಮಳೆ ಹೊಯ್ದರೂ ಅದು ಬದುಕಿರುವುದು ಇಂಥ ಬಸಿಯುವ ಜಾಗ ಹಿಡಿದಿರುವುದರಿಂದ. ಕೆಳಗಿನ ಭತ್ತದ ಗದ್ದೆಯಲ್ಲಿ ಒಂದೇ ಒಂದು ಗಿಡ ಕಂಡಿಲ್ಲ.

ಇದೆಲ್ಲ ಗೊತ್ತಿದ್ದೂ ಮೊದಲ ಪ್ರಯತ್ನ ನೆಗೆದು ಬಿತ್ತು. ಜೂನಿನಲ್ಲಿ ಅಡಿಕೆ ಸಸಿ ಹಾಕುವ ದೊಡ್ಡ ಪ್ಲಾಸ್ಟಿಕ್ ಚೀಲಗಳಿಗೆ ಹಳ್ಳದ ಮರಳು ಮೂರು ಪಾಲು, ಬ್ಯಾಣದ ಮೇಲ್ಭಾಗದ ಮಣ್ಣು ಒಂದು ಪಾಲು ತುಂಬಿ, ಸ್ಟ್ರೈಗ ಬೀಜ ಮತ್ತು ರಾಗಿ ಒಟ್ಟೊಟ್ಟಿಗೇ ಹಾಕಿ ಅಂಗಳದ ಮೂಲೆಯಲ್ಲಿಟ್ಟೆ. ಆ ವರ್ಷದ ಆರಿದ್ರಾ ಮಳೆಗೆ ಚೀಲಗಳು ಕೊಡವಾದವು. ರಾಗಿಯೂ ಹಳದಿ, ಸ್ಟ್ರೈಗವೂ ಇಲ್ಲ. ಭಾವ ಬಂದು ನೋಡಿ, "ಇದಕ್ಕಿಂತ ನನ್ನ ರಾಗಿನೇ ವಾಸಿ" ಎಂದು ಹೋದರು.

ಜುಲೈ ಮಧ್ಯದಲ್ಲಿ ಮತ್ತೆ ಶುರು ಮಾಡಿದೆ. ಅಡಿಕೆ ಒಣಗಿಸಲು ಹಾಕಿದ್ದ ಪಾಲಿಹೌಸು ಮಳೆಗಾಲದಲ್ಲಿ ಖಾಲಿಯೇ ಇರುತ್ತದಲ್ಲ, ಅದರೊಳಗೆ. ಬೆಚ್ಚಗೂ ಇರುತ್ತದೆ. ಚೀಲದ ತಳಕ್ಕೆ ಎಂಟು ತೂತು. ಈ ಸಲ ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ (ಎಳ್ಳು ಬಿತ್ತುವಾಗ ಬೆರೆಸುವ ಹಾಗೇ) ಮೇಲಿನ ನಾಲ್ಕು ಬೆರಳು ಮಣ್ಣಿಗೆ ಸೇರಿಸಿ, ಹದಿನಾಲ್ಕು ದಿನ ಬರೀ ನೀರು ಚಿಮುಕಿಸಿದೆ. ಹದಿನೈದನೇ ದಿನ ರಾಗಿ ಹಾಕಿದೆ. ಗೊಬ್ಬರ ಒಂದು ಕಾಳೂ ಇಲ್ಲ.

ನಾಲ್ಕು ಚೀಲಕ್ಕೆ ರಾಗಿ ಮತ್ತು ಹಕ್ಕಲಿನ ಬೀಜ. ನಾಲ್ಕಕ್ಕೆ ರಾಗಿ ಮತ್ತು ಬ್ಯಾಣದ ಬೀಜ. ಎರಡಕ್ಕೆ ಹಕ್ಕಲಿನ ಬೀಜ ಮಾತ್ರ, ರಾಗಿ ಇಲ್ಲ. ಎರಡಕ್ಕೆ ರಾಗಿ ಮಾತ್ರ. ಇಷ್ಟು ಸಾಕೆಂದುಕೊಂಡಿದ್ದೆ. ಮಗಳು ಫೋನಿನಲ್ಲಿ ಕೇಳಿದಳು, "ಅಪ್ಪಾ, ಬ್ಯಾಣದ ಬೀಜ ರಾಗಿಯಲ್ಲಿ ಏಳದಿದ್ದರೆ ಅದು ರಾಗಿ ಬೇಡ ಅಂದದ್ದೋ, ಬೀಜವೇ ಸತ್ತದ್ದೋ ಹೇಗೆ ಗೊತ್ತಾಗುತ್ತೆ?" ಬಿಎಸ್ಸಿ ಮಾಡಿದವನು ನಾನು, ಅವಳು ಓದಿದ್ದು ಕಾಮರ್ಸು. ಮರುದಿನವೇ ಗದ್ದೆ ಅಂಚಿನ ಕಡೆಯಿಂದ, ಈ ಹೂವು ಎಂದೂ ಕಾಣದ ಜಾಗದಿಂದ, ಎರಡು ಕರಡದ ಬುಡ ತಂದು ಬೇರು ತೊಳೆದು ಇನ್ನೆರಡು ಚೀಲದಲ್ಲಿ ನೆಟ್ಟು, ಬ್ಯಾಣದ ಬೀಜ ಹಾಕಿದೆ.

ಮೂವತ್ತನೇ ದಿನದ ಹೊತ್ತಿಗೆ ಹಕ್ಕಲಿನ ಬೀಜದ ಚೀಲಗಳಲ್ಲಿ ರಾಗಿಯ ಬಣ್ಣ ಕೆಟ್ಟಿತು. ಮಣ್ಣು ತೇವವಿದ್ದರೂ ಎಲೆ ಮಧ್ಯಾಹ್ನ ಸುರುಳಿ ಸುತ್ತಿ ಬರಗಾಲದ ಹಾಗೆ ನಿಲ್ಲುವುದು. ಮೇಲೆ ಸ್ಟ್ರೈಗದ ಸುಳಿವೇ ಇಲ್ಲ. ಇದನ್ನು ನೋಡಿ ಭಾವ ಸುಮ್ಮನಾದರು. ಅವರ ಹಕ್ಕಲಿನಲ್ಲೂ ಹಿಂದಿನ ವರ್ಷ ಇದೇ ಆಗಿತ್ತಂತೆ, ನೀರು ಸಾಲದೆಂದು ಕೊಡದಲ್ಲಿ ಹೊತ್ತು ಹಾಕಿದ್ದರಂತೆ. ಕಳ್ಳ ಹೊರಗೆ ತಲೆ ಹಾಕುವ ಹೊತ್ತಿಗೆ ಕಳ್ಳತನ ಅರ್ಧ ಆಗಿರುತ್ತದೆ. ನಲವತ್ತೊಂದನೇ ದಿನ ಮೊದಲ ಮೊಳಕೆ ಮಣ್ಣು ಸೀಳಿತು. ಐವತ್ತು ದಿನದೊಳಗೆ ನಾಲ್ಕರಲ್ಲಿ ಮೂರು ಚೀಲ. ರಾಗಿ ಇಲ್ಲದ ಚೀಲದಲ್ಲಿ ಏನೂ ಇಲ್ಲ. ಬ್ಯಾಣದ ಬೀಜ ಹಾಕಿದ ನಾಲ್ಕು ರಾಗಿ ಚೀಲದಲ್ಲೂ ಏನೂ ಇಲ್ಲ, ರಾಗಿ ಬಡಕಲಾದರೂ ನೆಟ್ಟಗಿತ್ತು. ಕರಡದ ಎರಡು ಚೀಲಗಳಲ್ಲಿ ಒಂದರಲ್ಲಿ, ಸೆಪ್ಟೆಂಬರು ಕೊನೆಗೆ, ಒಂದೇ ಒಂದು ಗಿಡ. ಅದು ಹೂ ಬಿಟ್ಟಾಗ ಬಟ್ಟಲು ಸೀಳಿದೆ. ಹದಿನೈದು.

ನಾಲ್ಕು ಚೀಲದ ಲೆಕ್ಕ ಹಿಡಿದು ಶಾಸ್ತ್ರ ಹೇಳಲಾಗದು, ಅದು ನನಗೂ ಗೊತ್ತು. ನಮ್ಮ ಊರಿನ ಈ ಮರಳಿನ ಪಟ್ಟೆಯ ಹೂವು, ನಮ್ಮ ಊರಿನ ಈ ರಾಗಿಯನ್ನು, ನನ್ನ ಕಣ್ಣೆದುರಿಗೆ ಮುಟ್ಟಲಿಲ್ಲ. ನಮ್ಮ ಪಂಚಾಯಿತಿಗೆ ಅಷ್ಟು ಸಾಕಾಯಿತು. ಭಾವ ಆ ದಿನ ಕಾಫಿ ಕುಡಿದರು. ಹಾಗಾದರೆ ಹಕ್ಕಲಿಗೆ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಗೆ ಅವರೇ ಉತ್ತರ ಕಂಡುಕೊಂಡರು: ಎರಡು ವರ್ಷದ ಹಿಂದೆ ಬಯಲುಸೀಮೆ ಕಡೆಯಿಂದ ತಂದ ಬಿತ್ತನೆ ರಾಗಿ. ಅದೂ ಅನುಮಾನವೇ, ಆದರೆ ಅನುಮಾನ ನನ್ನ ಬ್ಯಾಣ ಬಿಟ್ಟು ಹೋಯಿತಲ್ಲ.

ಚೀಲಗಳ ವಿಲೇವಾರಿಯೇ ದೊಡ್ಡ ರಾಮಾಯಣವಾಯಿತು. ಹಕ್ಕಲಿನ ಗಿಡಗಳನ್ನು ಹೂವಿನಲ್ಲೇ ಕಿತ್ತು ಬಚ್ಚಲೊಲೆಗೆ ಹಾಕಿದೆ. ಮಣ್ಣಿನಲ್ಲಿ ಮೊಳೆಯದೆ ಮಲಗಿದ ಬೀಜ ಎಷ್ಟಿವೆಯೋ, ಅದನ್ನು ಹೊರಗೆ ಸುರಿಯುವಂತಿಲ್ಲ. ಬೇಯಿಸಬೇಕು. ಅಡಿಕೆ ಬೇಯಿಸುವ ಹಂಡೆಗೆ ಕೈ ಹಾಕಿದ್ದೇ ತಡ, ನನ್ನ ಹೆಂಡತಿ, "ಆ ಹಂಡೆಗೆ ಮಣ್ಣು ಹಾಕಿದರೆ ನಾಳೆಯಿಂದ ಅಡುಗೆಯೂ ಅದರಲ್ಲೇ, ನೀವೇ ಮಾಡಿ" ಎಂದಳು. ಹಳೆ ತಗಡಿನ ಡಬ್ಬ ಹುಡುಕಿ, ಚೀಲಕ್ಕೊಂದರಂತೆ ಮಣ್ಣು ನೀರು ಹಾಕಿ ಕೊತಕೊತ ಕುದಿಸಿದೆ. ಮೂರು ದಿನ ಹಿಡಿಯಿತು. ನೋಡಿದವರು ಏನೆಂದುಕೊಂಡರೋ.

ಇಷ್ಟೊಂದು ಯಾಕೆ ಹೆದರಬೇಕು ಅನ್ನುವವರಿಗೆ ಅಮೆರಿಕದ ಕಥೆ ಹೇಳುತ್ತೇನೆ. 1956ರಲ್ಲಿ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಮರಳು ನೆಲದ ಮೆಕ್ಕೆಜೋಳದ ಹೊಲಗಳಲ್ಲಿ ಈ ಹತ್ತು ಏಣಿನ ಜಾತಿಯೇ ಕಾಣಿಸಿಕೊಂಡಿತು. ಅಲ್ಲಿ ಇದಕ್ಕೆ ಮಾಟಗಾತಿಯ ಕಳೆ ಎಂದು ಹೆಸರು. ಹೊಲದಿಂದ ಹೊಲಕ್ಕೆ ಯಂತ್ರ ಸಾಗಿಸಲೂ ನಿರ್ಬಂಧ ಹಾಕಿ, ದಶಕಗಟ್ಟಲೆ ಅದರ ಹಿಂದೆ ಬಿದ್ದರು. ನೆಲದೊಳಕ್ಕೆ ಎಥಿಲೀನ್ ಅನಿಲ ಚುಚ್ಚಿದರು. ಬಾಳೆಗೊನೆ ಹಣ್ಣು ಮಾಡುವ ಅನಿಲವೇ ಅದು. ಅದು ತಾಗಿದರೆ ಬೀಜ, ಬೇರು ಬಂತು ಎಂದು ಮೋಸ ಹೋಗಿ ಮೊಳೆಯುತ್ತದೆ, ಹಿಡಿಯಲು ಬೇರಿಲ್ಲದೆ ಸಾಯುತ್ತದೆ. ನಮ್ಮ ಅರ್ಧ ಎಕರೆ ಹಕ್ಕಲಿಗೆ ಅನಿಲ ತರುವವರು ಯಾರು? ಭಾವ ಮಾಡಿದ್ದು ಇಷ್ಟು: ಹೂವು ಕಾಯಾಗುವ ಮೊದಲೇ ಕೈಯಲ್ಲಿ ಕಿತ್ತು ಸುಡುವುದು, ವಾರಕ್ಕೊಮ್ಮೆ, ಕೊಟ್ಟಿಗೆ ಗೊಬ್ಬರ ಹಿಂದಿಗಿಂತ ಎರಡು ಪಟ್ಟು, ಮರುವರ್ಷ ರಾಗಿ ಬಿಟ್ಟು ಹುರುಳಿ, ಹಕ್ಕಲಿನ ಗುದ್ದಲಿ ಹಕ್ಕಲಿಗೇ. ಈ ವರ್ಷ ಮತ್ತೆ ರಾಗಿ ಹಾಕಿದ್ದಾರೆ. ಸ್ಟ್ರೈಗ ಇಲ್ಲವೆಂದಲ್ಲ, ಹೋದ ಬಾರಿ ಬುಟ್ಟಿ ತುಂಬಿದ್ದು ಈಗ ಒಂದು ಹಿಡಿ.

ಬ್ಯಾಣದ ಹೂವಿನ ಫೋಟೋ ತೆಗೆಯಬೇಕೆನ್ನುವವರಿಗೆ ಒಂದು ಮಾತು. ಮಧ್ಯಾಹ್ನದ ಬಿಸಿಲಿನಲ್ಲಿ ಈ ಬಿಳಿ ಬರೀ ಸುಣ್ಣದ ಬೊಟ್ಟಾಗಿ ಬರುತ್ತದೆ. ಬೆಳಿಗ್ಗೆ ಎಂಟರೊಳಗೆ ಹೋಗಿ, ಕ್ಯಾಮೆರಾ ತೋರಿಸುವುದಕ್ಕಿಂತ ಬೆಳಕು ಕಮ್ಮಿ ಮಾಡಿ, ಮರಳಿನ ಮೇಲೆ ಹೊಟ್ಟೆ ಅಡಿ ಹಾಕಿ ಮಲಗಿ ಬದಿಯಿಂದ ತೆಗೆಯಬೇಕು, ಆಗ ಕೊಳವೆಯ ಬಾಗು ಕಾಣುತ್ತದೆ. ಮಲಗುವ ಮೊದಲು ಅಡಿಯಲ್ಲಿ ಎಷ್ಟು ಗಿಡ ಇದೆ ನೋಡಿಕೊಳ್ಳಿ. ಬಂದ ಮೇಲೆ ಚಪ್ಪಲಿ ತೊಳೆಯಿರಿ.

ಕರಡ ಕೊಯ್ಯುವವರು ಈ ಸಲ ಅಕ್ಟೋಬರಿನಲ್ಲೇ ಬರುತ್ತೇವೆಂದರು. ಆಗಿನ್ನೂ ಕಾಯಿ ಬಲಿತಿರುವುದಿಲ್ಲ. ಹಾಗಾಗಿ ಬರಡು ಪಟ್ಟೆಯ ನಾಲ್ಕು ಮೂಲೆಗೆ ಅಡಿಕೆ ದಬ್ಬೆ ಹುಗಿದು, ಸುತ್ತ ಕೆಂಪು ಪ್ಲಾಸ್ಟಿಕ್ ಹಗ್ಗ ಕಟ್ಟಿ, ಒಳಗೆ ಕತ್ತಿ ಹಾಕಬೇಡಿ ಎಂದಿದ್ದೇನೆ. ಕೊಯ್ಯಲು ಬಂದವರಲ್ಲಿ ಒಬ್ಬಳು ಹಗ್ಗದ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದಳು. ಒಳಗೆ ಏನು ಹೂಳಿದ್ದೀರಿ ಅಂತ ಮೆಲ್ಲಗೆ ಭಾವನ ಹತ್ತಿರ ಕೇಳಿದಳಂತೆ. ಭಾವ, "ಎಂತದೂ ಹೂಳಿಲ್ಲ, ಹದಿನೈದು ಗೆರೆ ಇದೆ, ಬೇಕಾದರೆ ಎಣಿಸಿ ನೋಡು" ಎಂದರಂತೆ.